ಹಳೆ ಸೈಕಲ್ ಕೊಂಡು ಮಾರುವ ಲೆಕ್ಕ: ಧೂಳಿಗೆ ಇಳಿದ ಬೆಲೆ, ಲೋಹಕ್ಕೆ ಇಳಿದ ಬೆಲೆ

ಬೆಂಗಳೂರಿನ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ. ಕಂಬದ ಹಿಂದೆ, ಮೆಟ್ಟಿಲ ಕೆಳಗೆ ಸೈಕಲ್‌ಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಎರಡೂ ಚಕ್ರದ ಗಾಳಿ ಇಳಿದಿರುತ್ತದೆ. ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಇವುಗಳಲ್ಲಿ ಎಷ್ಟೋ 2020ರಲ್ಲಿ ಕೊಂಡವು. ಆಗ ಜಿಮ್ ಮುಚ್ಚಿತ್ತು, ಬಸ್ಸು ಹತ್ತಲು ಭಯ, ಗೇರ್ ಸೈಕಲ್‌ಗೆ ಅಂಗಡಿಯಲ್ಲಿ ಹೆಸರು ಬರೆಸಿ ಕಾಯಬೇಕಿತ್ತು. ಆಮೇಲೆ ಆಫೀಸು ಶುರುವಾಯಿತು, ಸೈಕಲ್ ಕೆಳಗೆ ಇಳಿಯಿತು. ಮನೆ ಖಾಲಿ ಮಾಡುವ ದಿನ ಅದರ ನೆನಪಾಗುತ್ತದೆ. "ಯಾರಾದ್ರೂ ತಗೊಂಡು ಹೋದ್ರೆ ಸಾಕಪ್ಪ" ಅನ್ನುತ್ತಾರೆ.

ಇಂಥ ಸೈಕಲ್ ಕೊಂಡು, ಸರಿ ಮಾಡಿ, ಮಾರಿದರೆ ದುಡ್ಡು ಸಿಗುತ್ತದಾ? ಸಿಗುತ್ತದೆ. ಆದರೆ ಎಲ್ಲ ಸೈಕಲ್‌ನಲ್ಲೂ ಅಲ್ಲ. ಯಾವುದರಲ್ಲಿ ಸಿಗುತ್ತದೆ, ಯಾವುದರಲ್ಲಿ ಕೈ ಸುಡುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹಳೆ ಸೈಕಲ್ ಅಗ್ಗವಾಗುವುದಕ್ಕೆ ಎರಡು ಕಾರಣ. ಒಂದು ಧೂಳು, ಇನ್ನೊಂದು ಲೋಹ. ಗಾಳಿ ಇಲ್ಲ, ಚೈನು ಒಣಗಿದೆ, ಬ್ರೇಕ್ ವೈರ್ ಬಿಗಿದುಕೊಂಡಿದೆ, ನೋಡಲು ಗಲೀಜು. ಇದು ಧೂಳಿಗೆ ಇಳಿದ ಬೆಲೆ. ಫ್ರೇಮ್ ಬಿರುಕು ಬಿಟ್ಟಿದೆ, ಗೇರಿನ ಹಲ್ಲು ಸವೆದಿದೆ, ರಿಮ್ ಜಜ್ಜಿದೆ. ಇದು ಲೋಹಕ್ಕೆ ಇಳಿದ ಬೆಲೆ. ಮೊದಲನೆಯದನ್ನು ಸೋಪು, ಗ್ರೀಸು, ಒಂದು ಮಧ್ಯಾಹ್ನ ಸರಿ ಮಾಡುತ್ತವೆ. ಎರಡನೆಯದಕ್ಕೆ ಹೊಸ ಭಾಗವೇ ಬೇಕು. ಮಾರುವವರಿಗೆ ಸಾಮಾನ್ಯವಾಗಿ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಗಾಳಿ ನಿಲ್ಲದ ಸೈಕಲ್ ಅವರ ಕಣ್ಣಿಗೆ ಕೆಟ್ಟುಹೋದ ಸೈಕಲ್. ನಿಜವಾಗಿ ಪಂಚರ್ ಇಲ್ಲದ ಟ್ಯೂಬಿನಿಂದಲೂ ಕೆಲವು ತಿಂಗಳಲ್ಲಿ ಗಾಳಿ ತಾನಾಗಿಯೇ ಇಳಿದುಹೋಗುತ್ತದೆ. ನಿಮ್ಮ ಲಾಭ ಇರುವುದು ಇಲ್ಲಿ, ಈ ವ್ಯತ್ಯಾಸ ನಿಮಗೆ ಗೊತ್ತಿರುವುದರಲ್ಲಿ.

ನೋಡಲು ಹೋದಾಗ

ಜೊತೆಗೆ ಮೂರು ಸಾಮಾನು ಒಯ್ಯಿರಿ: ಗಾಳಿ ಪಂಪು, ಉಕ್ಕಿನ ಸ್ಕೇಲು, ಒಂದು ಸಣ್ಣ ಅಯಸ್ಕಾಂತ. ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದೇ ಸಾಕು. ಜಾಹೀರಾತಿನಲ್ಲಿ "ಅಲಾಯ್ ಫ್ರೇಮ್" ಅಂತ ಬರೆದಿರುತ್ತಾರೆ. ಅಯಸ್ಕಾಂತ ಇಟ್ಟು ನೋಡಿ. ಅಲಾಯ್ ಅಂದರೆ ಇಲ್ಲಿ ಅಲ್ಯೂಮಿನಿಯಂ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿಕೊಂಡರೆ ಅದು ಸ್ಟೀಲು. ಸ್ಟೀಲು ಕೆಟ್ಟದ್ದೇನಲ್ಲ, ಆದರೆ ಅದರ ಬೆಲೆ ಬೇರೆ.

ಮೊದಲು ನೋಡಬೇಕಾದದ್ದು ಫ್ರೇಮ್. ಬೇರೆ ಏನೇ ಕೆಟ್ಟಿದ್ದರೂ ಬದಲಾಯಿಸಬಹುದು, ಫ್ರೇಮ್ ಹೋದರೆ ಸೈಕಲ್ಲೇ ಹೋಯಿತು. ಹ್ಯಾಂಡಲ್ ಕೆಳಗೆ ಎರಡು ಪೈಪು ಬಂದು ಸೇರುವ ಜಾಗ ಇದೆಯಲ್ಲ, ಅಲ್ಲಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಮೊಬೈಲಿನ ಟಾರ್ಚ್ ಹಿಡಿದು ಕೆಳಗಿನ ಪೈಪಿನ ಅಡಿಭಾಗ ನೋಡಿ. ಬಣ್ಣ ಅಡ್ಡಡ್ಡ ಬಿರಿದಿದ್ದರೆ, ಅಥವಾ ಬೆರಳು ಆಡಿಸಿದಾಗ ಉಬ್ಬು ಸಿಕ್ಕರೆ ಆ ಸೈಕಲ್ ಎದುರಿನಿಂದ ಎಲ್ಲಿಗೋ ಗುದ್ದಿದೆ ಎಂದು ತಿಳಿಯಿರಿ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಅಲ್ಯೂಮಿನಿಯಂ ಫ್ರೇಮನ್ನು ಬೆಸೆದರೂ ಆ ಜಾಗದಲ್ಲಿ ಮೊದಲಿನ ಗಟ್ಟಿತನ ಉಳಿಯುವುದಿಲ್ಲ. ಅದಕ್ಕೆ ಮತ್ತೆ ಸರಿಯಾದ ಬಿಸಿ ಕೊಟ್ಟು ಹದ ಮಾಡಬೇಕು, ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದು ಆಗುವ ಕೆಲಸವಲ್ಲ. ನಾನು ಒಮ್ಮೆ ಫಳಫಳ ಹೊಳೆಯುವ ಒಂದು ಸೈಕಲ್ ತಂದೆ. ಮನೆಗೆ ಬಂದು ಸ್ಟಿಕ್ಕರ್ ಕಿತ್ತಾಗ ಅದರ ಕೆಳಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಅದನ್ನು ಮಾರಲಿಲ್ಲ. ಚಕ್ರ, ಬ್ರೇಕು, ಸೀಟು ಬಿಚ್ಚಿ ಇಟ್ಟುಕೊಂಡೆ, ಫ್ರೇಮನ್ನು ಎರಡು ತುಂಡು ಮಾಡಿಸಿ ಗುಜರಿಗೆ ಹಾಕಿದೆ. ಹಾಗೇ ಹಾಕಿದ್ದರೆ ಯಾರೋ ಅದಕ್ಕೆ ಚಕ್ರ ಜೋಡಿಸಿ ಇನ್ನೊಬ್ಬರ ಮಗುವಿಗೆ ಕೊಡುತ್ತಿದ್ದರು. ಕಾರ್ಬನ್ ಫ್ರೇಮಿನ ವಿಷಯದಲ್ಲಿ ಒಳಗಿನ ಪೆಟ್ಟು ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ. ಅನುಭವ ಆಗುವವರೆಗೆ ಅದರ ತಂಟೆಗೆ ಹೋಗಬೇಡಿ.

ಫ್ರೇಮ್ ಸರಿ ಇದ್ದರೆ ಚೈನಿಗೆ ಬನ್ನಿ. ಹೊಸಬರು ಜಾಸ್ತಿ ಏಟು ತಿನ್ನುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಓಡಿ ಓಡಿ ಪಿನ್ನು ಸವೆದಂತೆ ಪ್ರತಿ ಕೊಂಡಿಯಲ್ಲೂ ಒಂದಿಷ್ಟು ಸಡಿಲ ಸೇರುತ್ತದೆ, ಚೈನು ಉದ್ದವಾಗುತ್ತದೆ. ಚೈನನ್ನು ಬಿಗಿಯಾಗಿ ಹಿಡಿದು ಸ್ಕೇಲ್ ಇಡಿ. 12 ಇಂಚಿನ ಮೇಲೆ ಒಂದು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಇದ್ದರೆ ಚೈನು ಬದಲಾಯಿಸುವ ಹೊತ್ತು. ಎಂಟನೇ ಒಂದು ಭಾಗ ಜಾಸ್ತಿ ಇದ್ದರೆ ಚೈನಿನ ಜೊತೆ ಹಿಂದಿನ ಹಲ್ಲುಚಕ್ರಗಳೂ ಸವೆದಿವೆ ಎಂದೇ ಲೆಕ್ಕ. ಉದ್ದವಾದ ಚೈನು ಹಲ್ಲುಗಳನ್ನು ತನ್ನ ಅಳತೆಗೆ ಸವೆಸಿಕೊಂಡಿರುತ್ತದೆ. ಅದರ ಮೇಲೆ ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗ ಹಲ್ಲು ಹಾರುತ್ತದೆ, ತುಳಿಯುವವರ ಕಾಲು ಜಾರುತ್ತದೆ. ಹಾಗಾಗಿ ಚೈನು ಮಾತ್ರವೇ ಅಥವಾ ಚೈನಿನ ಜೊತೆ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೂಡಾ ಬೇಕೇ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ಆಮೇಲೆ ಪೆಡಲ್ ಕಡ್ಡಿ, ಅಂದರೆ ಕ್ರ್ಯಾಂಕ್, ಹಿಡಿದು ಅಕ್ಕಪಕ್ಕ ಅಲುಗಾಡಿಸಿ. ಎರಡೂ ಕಡೆ ಒಟ್ಟಿಗೆ ಅಲುಗಿದರೆ ಒಳಗಿನ ಬೇರಿಂಗ್ ಸಡಿಲ. ಒಂದೇ ಕಡೆ ಅಲುಗಿದರೆ ಆ ಕ್ರ್ಯಾಂಕಿನ ಚೌಕದ ತೂತು ಸವೆದು ಗುಂಡಗಾಗಿರಬಹುದು. ಆಗ ಎಷ್ಟು ಬಿಗಿ ಮಾಡಿದರೂ ಎರಡು ದಿನಕ್ಕೆ ಮತ್ತೆ ಸಡಿಲವಾಗುತ್ತದೆ, ಹೊಸ ಕ್ರ್ಯಾಂಕೇ ಬೇಕು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹಿಂದೆ ಮುಂದೆ ತಳ್ಳಿ. ಟಕ್ ಟಕ್ ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗಾದ ಹೆಡ್‌ಸೆಟ್ ಸಡಿಲ, ಹೆಚ್ಚಿನ ಸಲ ಬಿಗಿ ಮಾಡಿದರೆ ಸಾಕು. ಸೀಟಿನ ಪೈಪು ಮೇಲೆ ಕೆಳಗೆ ಬರುತ್ತದಾ ನೋಡಿ. ವರ್ಷಗಟ್ಟಲೆ ಅಲುಗಿಸದ ಪೈಪು ಫ್ರೇಮಿನೊಳಗೆ ಕಚ್ಚಿಕೊಂಡಿರುತ್ತದೆ, ಅದನ್ನು ಬಿಡಿಸಲು ಒಮ್ಮೊಮ್ಮೆ ಎರಡು ದಿನ ಎಣ್ಣೆ ಬಿಟ್ಟು ಕಾಯಬೇಕು.

ಚಕ್ರ ಎತ್ತಿ ತಿರುಗಿಸಿ. ಅಕ್ಕಪಕ್ಕ ಓಲಾಡಿದರೆ ಹೆದರಬೇಡಿ, ಸ್ಪೋಕ್ ಕೀಲಿ ಹಿಡಿದು ಬೆಂಡ್ ತೆಗೆಯಬಹುದು. ಮೇಲೆ ಕೆಳಗೆ ನೆಗೆದರೆ ಮಾತ್ರ ರಿಮ್ ಜಜ್ಜಿದೆ ಅಂತ. ಟೈರಿನ ವಿಷಯ ಬೇರೆ. ಗಾಳಿ ಇಲ್ಲದೆ ವರ್ಷ ನಿಂತ ಸೈಕಲ್‌ನಲ್ಲಿ ನೆಲಕ್ಕೆ ತಾಗಿದ ಜಾಗದಲ್ಲೇ ಟೈರಿನ ಪಕ್ಕದ ಗೋಡೆ ಮಡಚಿ ಸೀಳು ಬಿಟ್ಟಿರುತ್ತದೆ. ನೆಲ ಹಿಡಿಯುವ ಮೇಲಿನ ಗುಬುಟು ಹೊಸದರಂತೆ ಇರುತ್ತದೆ, ಪಕ್ಕ ಹೋಗಿರುತ್ತದೆ. ಪಂಪು ಒಯ್ಯುವುದು ಇದಕ್ಕೇ. ಗಾಳಿ ಹೊಡೆದು ಹತ್ತು ನಿಮಿಷ ಮಾತಾಡುತ್ತಾ ನಿಂತರೆ ಟ್ಯೂಬು, ಟೈರು ಎರಡರ ಕಥೆಯೂ ತಿಳಿಯುತ್ತದೆ.

ಒಂಬತ್ತು ಗಂಟೆಯ ಲೆಕ್ಕ

ಈಗ ದುಡ್ಡಿನ ಮಾತು. ಬಿಡಿಭಾಗದ ಬೆಲೆ ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬೇರೆ. ಆದರೂ ಲೆಕ್ಕದ ದಾರಿ ಒಂದೇ. ಒಂದು ಸಾಧಾರಣ 26 ಇಂಚಿನ ಗೇರ್ ಸೈಕಲ್ ಎಂದಿಟ್ಟುಕೊಳ್ಳಿ. 2,200 ರೂಪಾಯಿಗೆ ಸಿಕ್ಕಿತು. ಗೂಡ್ಸ್ ಆಟೋಗೆ 250. ಎರಡು ಟ್ಯೂಬು 350, ಚೈನು 350, ಬ್ರೇಕ್ ವೈರ್ 200, ಬ್ರೇಕ್ ರಬ್ಬರ್ 150, ಹಿಡಿಕೆ 150, ಗ್ರೀಸು ಎಣ್ಣೆ 50. ಒಟ್ಟು 3,700. ಮಾರಿದ್ದು 5,500ಕ್ಕೆ. ಕೈಯಲ್ಲಿ ಉಳಿದದ್ದು 1,800.

ಚೆನ್ನಾಗಿದೆ ಅಲ್ವಾ? ಈಗ ಹೊತ್ತು ಎಣಿಸಿ. ನೋಡಿ ತರಲು ಎರಡು ಗಂಟೆ, ರಿಪೇರಿಗೆ ನಾಲ್ಕು, ತೊಳೆದು ಒರೆಸಲು ಒಂದು, ಕೊಳ್ಳುವವರಿಗೆ ತೋರಿಸಲು ಎರಡು. ಒಂಬತ್ತು ಗಂಟೆ. ಗಂಟೆಗೆ 200 ರೂಪಾಯಿ ಬಿತ್ತು. ಅದೇ ಸೈಕಲ್‌ಗೆ ಎರಡು ಟೈರು 900, ಫ್ರೀವೀಲ್ 450 ಸೇರಿದರೆ ಉಳಿಯುವುದು 450 ಮಾತ್ರ. ಗಂಟೆಗೆ 50. ಸೈಕಲ್ ಅದೇ, ಕೊಂಡ ಬೆಲೆ ಅದೇ, ಮಾರಿದ ಬೆಲೆಯೂ ಅದೇ. ನೋಡಲು ಹೋದ ದಿನ ಸ್ಕೇಲ್ ಇಟ್ಟಿರಾ, ಟೈರಿನ ಪಕ್ಕ ನೋಡಿದಿರಾ ಅನ್ನುವುದಷ್ಟೇ ವ್ಯತ್ಯಾಸ. ಎರಡು ದೊಡ್ಡ ಭಾಗ ಬದಲಾಯಿಸಬೇಕಾದ ಸಾಧಾರಣ ಸೈಕಲ್‌ನಲ್ಲಿ ಲಾಭ ಇಲ್ಲ ಎಂದು ನಾನು ಗೆರೆ ಹಾಕಿಕೊಂಡಿದ್ದೇನೆ. ಮನೆಯಲ್ಲಿ ಬಿಚ್ಚಿಟ್ಟ ಹಳೆ ಭಾಗ ಇದ್ದರೆ ಮಾತ್ರ ಆ ಗೆರೆ ದಾಟುತ್ತೇನೆ.

ಮಾರುವ ಬೆಲೆಯನ್ನು ತೀರ್ಮಾನಿಸುವವರು ನೀವಲ್ಲ, ಹೊಸ ಸೈಕಲ್ ಅಂಗಡಿ. ಕೊಳ್ಳುವವರು ಮನಸ್ಸಿನಲ್ಲೇ ಹೊಸದರ ಬೆಲೆಯ ಜೊತೆ ಹೋಲಿಸುತ್ತಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 11,200 ಇದ್ದ ಸೈಕಲ್ ಆ ಲೆಕ್ಕದಲ್ಲಿ 10,500ಕ್ಕೆ ಬರಬೇಕು. ಹೊಸದು ಇಳಿದರೆ ಹಳೆಯದೂ ಇಳಿಯಲೇಬೇಕು. ಅದಕ್ಕೆ ಮೊದಲು ಕೊಂಡ ಬೆಲೆಯ ಬಿಲ್ ತೋರಿಸಿ ಯಾರಾದರೂ ಮಾರಲು ಬಂದರೆ ಇಂದಿನ ಹೊಸ ಬೆಲೆ ನೋಡಿಯೇ ಮಾತಾಡಿ.

ಯಾವ ಸೈಕಲ್ ಬೇಗ ಹೋಗುತ್ತದೆ? ನನ್ನ ಅನುಭವದಲ್ಲಿ ಮಕ್ಕಳದ್ದು. ಮಕ್ಕಳು ಬೆಳೆಯುವುದನ್ನು ಯಾರೂ ನಿಲ್ಲಿಸಲಾಗದು. 16 ಇಂಚಿನ ಚಕ್ರದ ಸೈಕಲ್ ಒಂದೆರಡು ವರ್ಷಕ್ಕೆ ಚಿಕ್ಕದಾಗುತ್ತದೆ, 20 ಇಂಚಿನದು ಬೇಕು, ಆಮೇಲೆ 24. ಸವೆಯುವಷ್ಟು ಓಡಿರುವುದೇ ಇಲ್ಲ. ಗೇರ್ ಇಲ್ಲ, ರಿಪೇರಿ ಒಂದು ಗಂಟೆಯದು. ಒಂದು ಸೈಕಲ್‌ಗೆ ಸಿಗುವ ಲಾಭ ಕಡಿಮೆ, ಆದರೆ ಏಪ್ರಿಲ್ ರಜೆ ಬಂತೆಂದರೆ ಕೇಳುವವರು ತಾವಾಗಿ ಬರುತ್ತಾರೆ. ಮಳೆಗಾಲದಲ್ಲಿ ಕೊಳ್ಳುವವರು ಕಡಿಮೆ, ಮಾರುವವರು ಇರುತ್ತಾರೆ. ಆಗ ಕೊಂಡಿಡಿ. ತಿಂಗಳ ಕೊನೆಯ ವಾರವೂ ಒಳ್ಳೆಯದು, ಬಾಡಿಗೆ ಮನೆ ಖಾಲಿ ಮಾಡುವವರು ಆಗ ಸಾಮಾನು ಇಳಿಸುತ್ತಿರುತ್ತಾರೆ.

ಹೀರೋ, ಅಟ್ಲಾಸ್, ಹರ್ಕ್ಯುಲಿಸ್‌ನಂಥ ಕಪ್ಪು ದೊಡ್ಡ ಸೈಕಲ್‌ಗಳ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಫ್ರೇಮಿನ ನಡುವೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವರಿಗೆ ಆ ಪ್ರೀತಿ ಅರ್ಥವಾಗುತ್ತದೆ. ವ್ಯಾಪಾರದ ಕಣ್ಣಿನಿಂದಲೂ ಅವು ಒಳ್ಳೆಯವೇ. 28 ಇಂಚಿನ ಚಕ್ರ, ಮುಂದೆ 32 ಸ್ಪೋಕ್ ಕಡ್ಡಿ, ಹಿಂದೆ 40 ಕಡ್ಡಿ ಅನ್ನುವ ಹಳೆ ಅಳತೆಗೇ ಬಹುತೇಕ ಎಲ್ಲ ಕಂಪನಿಗಳೂ ಮಾಡಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ಅಟ್ಲಾಸ್‌ನ ದೆಹಲಿ ಹತ್ತಿರದ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ ಅಟ್ಲಾಸ್ ಸೈಕಲ್‌ಗೆ ಭಾಗ ಸಿಗದೆ ನಿಂತಿಲ್ಲ. ಹಾಲಿನವರು, ಹೂವಿನವರು, ವಾಚ್‌ಮನ್ ಕೆಲಸದವರು ಇಂಥದ್ದನ್ನೇ ಕೇಳುತ್ತಾರೆ, ಕ್ಯಾರಿಯರ್ ಗಟ್ಟಿ ಇರಬೇಕು ಅನ್ನುತ್ತಾರೆ. ಅಜ್ಜನ ಕಾಲದ ರ‍್ಯಾಲಿ ಕಂಪನಿಯ ಸೈಕಲ್ ಏನಾದರೂ ಅಟ್ಟದಿಂದ ಇಳಿದರೆ ಅದಕ್ಕೆ ಹೊಸ ಬಣ್ಣ ಹೊಡೆಯಬೇಡಿ. ಮಾಸಿದ್ದರೂ ಮೂಲ ಬಣ್ಣ, ಮೂಲ ಲಾಂಛನ ಇದ್ದರೇನೇ ಸಂಗ್ರಹಿಸುವವರು ಒಳ್ಳೆಯ ಬೆಲೆ ಕೊಡುವುದು.

ಬೇಡವೇ ಬೇಡ ಅನ್ನುವಂಥವೂ ಇವೆ. ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಅಗ್ಗದ ಡಬಲ್ ಸಸ್ಪೆನ್ಷನ್ ಸೈಕಲ್‌ಗಳು ಭಾರ, ಸಸ್ಪೆನ್ಷನ್ ತುಕ್ಕು ಹಿಡಿದರೆ ಸರಿ ಮಾಡುವ ಖರ್ಚಿಗೆ ಅರ್ಥವಿಲ್ಲ. "ಶಿಮಾನೋ ಗೇರ್" ಅಂದ ಕೂಡಲೇ ಜಾಸ್ತಿ ದುಡ್ಡು ಕೊಡಬೇಡಿ. ಆ ಗೇರ್ ಕಂಪನಿಯ ಹೆಸರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಟೂರ್ನಿಯೂ ಇದೆ, ಅದರ ಮೇಲೆ ಆಲ್ಟಸ್, ಅಸೆರಾ, ಅಲಿವಿಯೋ, ಡಿಯೋರ್ ಹೀಗೆ ಮೆಟ್ಟಿಲುಗಳಿವೆ. ಹಿಂದಿನ ಗೇರಿನ ಮೇಲೆ ಬರೆದಿರುವುದನ್ನು ಓದಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳನ್ನೂ ನಾನು ಮುಟ್ಟುವುದಿಲ್ಲ. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ ಎಂಟನೇ ತರಗತಿಯ ಮಗು ಶಾಲೆಗೆ ಹೋಗಲೆಂದು ಸಿಕ್ಕಿದ್ದು. ಮನೆಯ ಕಷ್ಟಕ್ಕೆ ಅದನ್ನು ಮಾರಲು ಬಂದರೆ ಗಾಳಿ ಹೊಡೆದು, ಬ್ರೇಕ್ ಸರಿ ಮಾಡಿ ವಾಪಸ್ ಕಳಿಸುತ್ತೇನೆ.

ಕದ್ದ ಮಾಲು, ಪೊಳ್ಳು ದುಡ್ಡು

ಹಳೆ ಸೈಕಲ್ ವ್ಯಾಪಾರದಲ್ಲಿ ದೊಡ್ಡ ಅಪಾಯ ರಿಪೇರಿಯಲ್ಲಿ ಇಲ್ಲ, ಕದ್ದ ಮಾಲಿನಲ್ಲಿದೆ. ಹದಿನೈದು ಸಾವಿರ ಬಾಳುವ ಸೈಕಲ್ಲನ್ನು ಎರಡು ಸಾವಿರಕ್ಕೆ ಕೊಡುತ್ತೇನೆ ಅಂದರೆ, ಸೀಟಿನ ಎತ್ತರ ಮಾರುವವನ ಕಾಲಿಗೆ ಹೊಂದದಿದ್ದರೆ, ಬೀಗ ಇದ್ದು ಕೀಲಿ ಇಲ್ಲದಿದ್ದರೆ ಅಲ್ಲಿಂದ ಬಂದುಬಿಡಿ. ಪ್ರತಿ ಸೈಕಲ್‌ಗೂ ಫ್ರೇಮ್ ನಂಬರ್ ಇರುತ್ತದೆ. ಹೆಚ್ಚಿನವಕ್ಕೆ ಪೆಡಲ್ ಬೇರಿಂಗಿನ ಗೂಡಿನ ಅಡಿಯಲ್ಲಿ, ಸೈಕಲ್ ತಲೆಕೆಳಗು ಮಾಡಿದರೆ ಕಾಣುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಕೊಳ್ಳಲೇಬಾರದು. ಕದ್ದದ್ದೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು.

ನಾನು ಪ್ರತಿ ಸಲ ಒಂದು ಹಾಳೆಯಲ್ಲಿ ತಾರೀಕು, ಫ್ರೇಮ್ ನಂಬರ್, ಬೆಲೆ ಬರೆದು ಮಾರುವವರ ಸಹಿ ಹಾಕಿಸಿಕೊಳ್ಳುತ್ತೇನೆ. ದುಡ್ಡನ್ನು ಯುಪಿಐನಲ್ಲೇ ಕೊಡುತ್ತೇನೆ, ದಾಖಲೆ ಉಳಿಯುತ್ತದೆ. "ಇಷ್ಟು ಸಣ್ಣದಕ್ಕೆ ಸಹಿ ಯಾಕೆ ಸಾರ್?" ಅಂತ ಕೇಳುತ್ತಾರೆ. "ನಾಳೆ ಇದನ್ನ ಕೊಳ್ಳೋರಿಗೂ ಇದೇ ಹಾಳೆ ತೋರಿಸ್ತೀನಿ" ಅಂದರೆ ಒಪ್ಪುತ್ತಾರೆ. ಅಪಾರ್ಟ್‌ಮೆಂಟಿನವರು ವಾರಸುದಾರರಿಲ್ಲದ ಸೈಕಲ್‌ಗಳನ್ನು ಒಟ್ಟಿಗೆ ಕೊಟ್ಟರೆ ಸಂಘದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ವಾಚ್‌ಮನ್ ಅಣ್ಣ ಹೇಳಿದರು ಅನ್ನುವುದು ಸಾಲದು, ನಾಳೆ ಒಬ್ಬರು ಕೇಳಿಕೊಂಡು ಬಂದರೆ ಕೆಲಸ ಹೋಗುವುದು ಅವರದ್ದು.

ಮಾರುವಾಗ ಇನ್ನೊಂದು ಮೋಸ ಇದೆ. ನೋಡದೆಯೇ ಒಪ್ಪಿಕೊಂಡು, ಸೈನ್ಯದಲ್ಲಿದ್ದೇನೆ, ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾರೆ. ದುಡ್ಡು ಬರಲು ಪಿನ್ ಒತ್ತುವುದು ಬೇಕಿಲ್ಲ. ಪಿನ್ ಕೇಳಿದರೆ ದುಡ್ಡು ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ. ತೆರಿಗೆಯ ವಿಷಯ ಚಿಕ್ಕದಾಗಿ ಹೇಳುವುದಾದರೆ, ತಿಂಗಳಿಗೆ ನಾಲ್ಕೈದು ಮಾರುವವರು ಜಿಎಸ್‌ಟಿಯ ಮಿತಿಯ ಹತ್ತಿರವೂ ಬರುವುದಿಲ್ಲ. ಆದರೆ ಲಾಭ ಆದಾಯವೇ. ಕೊಂಡದ್ದು, ಖರ್ಚು, ಮಾರಿದ್ದು ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಓವರಾಯ್ಲಿಂಗ್

ಸಾಮಾನು ಜಾಸ್ತಿ ಬೇಡ. ಅಲನ್ ಕೀ ಸೆಟ್, 15 ಎಂಎಂ ಸ್ಪಾನರ್, ಟೈರ್ ಲಿವರ್, ಸ್ಪೋಕ್ ಕೀಲಿ, ಚೈನ್ ಕಟರ್, ಕ್ರ್ಯಾಂಕ್ ಪುಲ್ಲರ್, ಒಂದು ಜೊತೆ ಕೋನ್ ಸ್ಪಾನರ್. ಉಳಿದದ್ದನ್ನು ಬೇಕಾದಾಗ ಕೊಂಡರಾಯಿತು. ನಾನು ಕಲಿತದ್ದು ನಮ್ಮ ಬೀದಿಯ ಸೈಕಲ್ ಶಾಪಿನ ಅಣ್ಣನ ಹತ್ತಿರ. ಅವರು ಮೊದಲ ದಿನ ಹೇಳಿದ್ದು ಒಂದೇ ಮಾತು: "ಎಡಗಡೆ ಪೆಡಲ್ ಉಲ್ಟಾ ಥ್ರೆಡ್ಡು ಕಣಪ್ಪ, ಮರೀಬೇಡ." ಬಲಗಡೆಯದನ್ನು ಎಲ್ಲ ಬೋಲ್ಟಿನಂತೆ ಬಿಚ್ಚಬೇಕು, ಎಡಗಡೆಯದನ್ನು ಅದಕ್ಕೆ ವಿರುದ್ಧವಾಗಿ. ಗೊತ್ತಿಲ್ಲದೆ ಬಲವಂತ ಮಾಡಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಹೋಗಿಬಿಡುತ್ತದೆ.

ಮೊದಲು ತೊಳೆಯಿರಿ, ಆಮೇಲೆ ಬಿಚ್ಚಿ. ಕೊಳೆ ಇದ್ದಾಗಲೇ ಬಿಚ್ಚಿದರೆ ಮಣ್ಣು ಬೇರಿಂಗಿನೊಳಗೆ ಬೀಳುತ್ತದೆ. ಚಕ್ರದ ಹಬ್ ಬಿಚ್ಚಿ ಬಾಲ್ಸ್ ತೆಗೆದು, ಹಳೆ ಗ್ರೀಸನ್ನು ಡೀಸೆಲ್‌ನಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ. ಸಾಮಾನ್ಯವಾಗಿ ಹಿಂದಿನ ಹಬ್‌ನಲ್ಲಿ ಒಂದೊಂದು ಕಡೆ ಒಂಬತ್ತು ಬಾಲ್ಸ್, ಮುಂದೆ ಹತ್ತು ಸಣ್ಣವು. ಬಿಚ್ಚುವಾಗಲೇ ಎಣಿಸಿಟ್ಟುಕೊಳ್ಳಿ. ಬಾಲ್ಸ್ ಒತ್ತಿ ಹಿಡಿಯುವ ನಟ್ಟಿಗೆ ಕೋನ್ ಅನ್ನುತ್ತಾರೆ, ಅದನ್ನು ಬಿಗಿ ಮಾಡುವುದು ಕೈಗೆ ಬರಬೇಕಾದ ವಿದ್ಯೆ. ಬಿಗಿ ಜಾಸ್ತಿಯಾದರೆ ಚಕ್ರ ಗರಗರ ಅನ್ನುತ್ತದೆ, ಕಡಿಮೆಯಾದರೆ ಅಲುಗುತ್ತದೆ. ನಡುವಿನ ಆ ಜಾಗ ಸಿಕ್ಕಾಗ ಒಂದು ಸಲ ತಿರುಗಿಸಿದ ಚಕ್ರ ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತದೆ, ಕೊನೆಗೆ ವಾಲ್ವ್ ಇರುವ ಭಾರದ ಕಡೆ ಹಿಂದೆ ಮುಂದೆ ತೂಗಿ ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಗಳಿಗೆ ಅದೇ.

ಬೆಂಡ್ ತೆಗೆಯುವಾಗ ನಿಪ್ಪಲನ್ನು (ಸ್ಪೋಕಿನ ತುದಿಯ ನಟ್ಟು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿದರೆ ಸಾಕು. ಡಿಸ್ಕ್ ಬ್ರೇಕ್ ಇದ್ದರೆ ಅದರ ಹತ್ತಿರ ಎಣ್ಣೆ ಸ್ಪ್ರೇ ತರಲೇಬೇಡಿ. ಪ್ಯಾಡಿಗೆ ಒಂದು ಹನಿ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ, ಪ್ಯಾಡ್ ಬದಲಾಯಿಸಬೇಕಾಗುತ್ತದೆ. ಬ್ರೇಕ್ ವೈರ್ ಹಳೆಯದಾಗಿದ್ದರೆ ಉಳಿಸಲು ನೋಡಬೇಡಿ. ಅದರಲ್ಲಿ ಉಳಿಯುವುದು ನೂರಿನ್ನೂರು, ಕಿತ್ತರೆ ಬೀಳುವುದು ಒಬ್ಬ ಮನುಷ್ಯ.

ಫೋಟೋವನ್ನು ಬೆಳಗಿನ ಬೆಳಕಿನಲ್ಲಿ, ಚೈನ್ ಇರುವ ಬಲಗಡೆಯಿಂದ ತೆಗೆಯಿರಿ. ಚಕ್ರದ ಅಳತೆ, ಎಷ್ಟು ಎತ್ತರದವರಿಗೆ ಹೊಂದುತ್ತದೆ, ಏನೇನು ಹೊಸದಾಗಿ ಹಾಕಿದ್ದೀರಿ, ಎಲ್ಲಿ ಗೀರು ಇದೆ ಎಲ್ಲವನ್ನೂ ಬರೆಯಿರಿ. ಗೀರನ್ನು ಮುಚ್ಚಿಟ್ಟರೆ ಮನೆಗೆ ಬಂದವರು ಅದೊಂದನ್ನೇ ಹಿಡಿದು ಐನೂರು ಇಳಿಸುತ್ತಾರೆ, ಮೊದಲೇ ಹೇಳಿದ್ದರೆ ಆ ಮಾತೇ ಬರುವುದಿಲ್ಲ. "ಲಾಸ್ಟ್ ಎಷ್ಟು?" ಅಂತ ಮೆಸೇಜ್ ಹಾಕುವವರಿಗೆ ಬಂದು ಒಂದು ರೌಂಡ್ ಹೊಡೆಯಿರಿ ಅನ್ನಿ. ಓಡಿಸಿ ನೋಡಿದವರು ಚೌಕಾಸಿ ಕಡಿಮೆ ಮಾಡುತ್ತಾರೆ.

ಕೊಡುವ ದಿನ ಅವರ ಎತ್ತರಕ್ಕೆ ಸೀಟು ಹೊಂದಿಸಿ ಕೊಡಿ. ಹೊಸ ವೈರ್ ಮೊದಲ ವಾರ ಸ್ವಲ್ಪ ಸಡಿಲವಾಗುತ್ತದೆ, ಗೇರ್ ಕಟಕಟ ಅನ್ನಬಹುದು, ಬ್ರೇಕ್ ಲಿವರ್ ಹ್ಯಾಂಡಲ್ ಹತ್ತಿರದವರೆಗೆ ಬರಬಹುದು. ಇದು ಕೊಂಡವರಿಗೆ ಗೊತ್ತಿರುವುದಿಲ್ಲ, ಮೋಸ ಆಯಿತು ಅಂದುಕೊಳ್ಳುತ್ತಾರೆ. ಹಾಗಾಗಿ ಎಂಟು ದಿನ ಬಿಟ್ಟು ಒಂದು ಸಲ ತಂದು ತೋರಿಸಿ, ದುಡ್ಡು ಬೇಡ ಅಂತ ನಾನೇ ಹೇಳುತ್ತೇನೆ. ಹತ್ತು ನಿಮಿಷದ ಕೆಲಸ. ಹಾಗೆ ಬಂದವರಲ್ಲಿ ಎಷ್ಟೋ ಜನ ಪಕ್ಕದ ಮನೆಯ ಹುಡುಗನನ್ನೂ ಕರೆದುಕೊಂಡೇ ಬರುತ್ತಾರೆ. ಅವನಿಗೆ 24 ಇಂಚಿನದು ಬೇಕಾಗಿರುತ್ತದೆ.